ಪರದೇಶಿಯೂ ಹಳ್ಳಿಯ ಮನೆಯೂ

ಪರದೇಶಗಳಿಗೆ ಹೋಗಿಬಂದವರ ಅನುಭವಗಳನ್ನು ಕೇಳುವ ಅವಕಾಶವು ನಮ್ಮ ಪಟ್ಟಣವಾಸಿಗಳಿಗೆ ಈಗ ಮೊದಲಿಗಿಂತ ಎಷ್ಟೋ ಹೆಚ್ಚಾಗಿ ದೊರೆಯುತ್ತಿದೆ. ಲಂಡನ್ನಿನ ಸೇತುವೆ, ಪ್ಯಾರಿಸಿನ ಗೋಪುರ, ನ್ಯೂಯಾರ್ಕಿನ ಗಗನಚುಂಬಿ ಸೌಧಗಳು, ಇವುಗಳ ವರ್ಣನೆಯು ಸಾಕೆನಿಸುವಷ್ಟು ನಮ್ಮ ಕಿವಿಗೆ ಬಿದ್ದಿರುವುದು. ಆದರೆ, “ಆ ದೇಶದಲ್ಲಿ ತಾವು ಯಾರ ಮನೆಯೊಳಕ್ಕೆ ಹೋಗಿದ್ದಿರಿ? ಯಾವ ಹಳ್ಳಿಯಲ್ಲಿ ಒಂದು ರಾತ್ರಿಯಾದರೂ ತಂಗಿದ್ದಿರಿ?” ಎಂದು ಕೇಳಿದರೆ ಬಹುಮಂದಿ ಸುಮ್ಮನಾಗುತ್ತಾರೆ. ದೇಶವೊಂದನ್ನು ನೋಡಿಬಂದೆವೆಂದು ಹೇಳುವವರು ಅಲ್ಲಿಯ ಒಂದು ಅಡಿಗೆಯ ಮನೆಯನ್ನೂ ಕಾಣದೆ ಬಂದಿರುವುದು ಅಪರೂಪವೇನೂ ಅಲ್ಲ. ಇದು ಅವರ ತಪ್ಪೆಂದು ನಾವು ಹೇಳುವುದಿಲ್ಲ. ಹೋಟೆಲಿನ ಬಾಗಿಲು ದುಡ್ಡಿಗೆ ತೆರೆಯುತ್ತದೆ. ಮನೆಯ ಬಾಗಿಲು ಹಾಗೆ ತೆರೆಯತಕ್ಕದ್ದಲ್ಲ. ಹಾಗಾದರೆ ಅದು ತೆರೆಯುವುದು ಯಾವುದಕ್ಕೆ ಎಂಬುದೇ ಈ ಹೊತ್ತಿನ ನಮ್ಮ ವಿಚಾರ.

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಬೇರೆ ದೇಶದವನು ಎಂಬ ಅರ್ಥದ ಜತೆಗೆ ದಿಕ್ಕಿಲ್ಲದವನು, ಹೇಳುವವರು ಕೇಳುವವರಿಲ್ಲದವನು ಎಂಬ ಅರ್ಥವೂ ಉಂಟು. ಹಳ್ಳಿಯವರ ಬಾಯಲ್ಲಿ ಎರಡನೆಯ ಅರ್ಥವೇ ಹೆಚ್ಚು ಬಳಕೆಯಲ್ಲಿರುವುದು. ಪರಸ್ಥಳದಿಂದ ಬಂದವನನ್ನು ಕಂಡೊಡನೆ ನಮ್ಮ ಜನಕ್ಕೆ ತೋರುವುದು ಅವನ ದೇಶವಲ್ಲ, ಅವನಿಗೆ ಇಲ್ಲಿ ತನ್ನವರು ಯಾರೂ ಇಲ್ಲವೆಂಬ ಸಂಗತಿ. ಪ್ರವಾಸದ ವಿಚಾರವನ್ನು ಪ್ರವಾಸಿಯ ಕಡೆಯಿಂದ ಎಲ್ಲರೂ ಹೇಳಿದ್ದಾರೆ. ಮನೆಯವರ ಕಡೆಯಿಂದ ಹೇಳಿದವರು ಕಡಿಮೆ. ಆದ್ದರಿಂದ ನಾವು ದೂರದ ದೇಶಗಳಿಗೆ ಹೋಗದೆ, ಪರದೇಶಿಗಳು ಬಂದು ಹೋದ ನಮ್ಮದೇ ಒಂದು ಸೀಮೆಯನ್ನು ಎತ್ತಿಕೊಳ್ಳುತ್ತೇವೆ. ಅದು ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದುಗಳ ಸೀಮೆ.

ಬಸವಕಲ್ಯಾಣ ತಾಲ್ಲೂಕಿನಲ್ಲಿ ಕೊಹಿನೂರ ಎಂಬ ಗ್ರಾಮವಿದೆ. ಹೆಸರು ಪಾರಸೀ ಭಾಷೆಯದು. ‘ಬೆಳಕಿನ ಬೆಟ್ಟ’ ಎಂದು ಅರ್ಥ. ಹೆಸರನ್ನು ಕೇಳಿದವರೆಲ್ಲರಿಗೂ ಒಡನೆಯೇ ವಜ್ರದ ನೆನಪಾಗುವುದು ಸಹಜ. ಅಲ್ಲಿ ಹೋಗಿ ನೋಡಿದರೆ ಕಾಣುವುದು ತೊಗರಿಯ ಹೊಲ, ಜೋಳದ ಹೊಲ, ಬಿಸಿಲಿಗೆ ಬಿರಿದ ನೆಲ. ಈ ಪ್ರಾಂತವು ೧೯೪೮ರ ವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು; ೧೯೫೬ರಲ್ಲಿ ಇತರ ಕನ್ನಡ ಪ್ರದೇಶಗಳೊಡನೆ ಕೂಡಿಕೊಂಡಿತು. ಒಂದೇ ಕಟ್ಟೆಯ ಮೇಲೆ ಕುಳಿತವರ ಬಾಯಲ್ಲಿ ಕನ್ನಡವೂ ಮರಾಠಿಯೂ ದಖ್ಖನಿ ಉರ್ದುವೂ ಒಂದರ ಹಿಂದೊಂದು ಬರುವುದನ್ನು ಕೇಳಿ ಮೈಸೂರಿನ ಕಡೆಯಿಂದ ಹೋದವರು ಬೆರಗಾಗುತ್ತಾರೆ. ಬೇರೆಯವರ ಮಾತನ್ನು ಕೇಳಿ ಗಾಬರಿಯಾಗದ ಅಭ್ಯಾಸವು ಅಲ್ಲಿಯ ಜನಕ್ಕೆ ಬಹು ಹಿಂದಿನದು. ಹನ್ನೊಂದನೆಯ ಶತಮಾನದ ಕಡೆಯ ಭಾಗದಲ್ಲಿ, ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, ಕಾಶ್ಮೀರದ ಬಿಲ್ಹಣ ಕವಿಯು ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಬಂದು ನೆಲಸಿದನು. ಮುಂದಿನ ಶತಮಾನದಲ್ಲಿ ಬಸವಣ್ಣನವರ ಕಾಲಕ್ಕೆ ಅಪಘಾನಿಸ್ಥಾನ, ಕಾಶ್ಮೀರಗಳಷ್ಟು ದೂರದಿಂದಲೂ ಶರಣರು ಇಲ್ಲಿಗೆ ಬಂದರೆಂದು ಸಂಪ್ರದಾಯವು ಹೇಳುತ್ತದೆ. ಆದರೆ ಇವರೆಲ್ಲರೂ ಆಸ್ಥಾನವನ್ನೋ ಗುರುವನ್ನೋ ಅರಸಿ ಬಂದವರು. ಕೇವಲ ವ್ಯಾಪಾರಕ್ಕೆಂದು ಬಂದು, ಕೈಸೋತು, ಜನರ ಮನೆಗಳ ಒಳಗನ್ನು ಕಂಡು ಬರೆದಿಟ್ಟ ಒಬ್ಬ ಪರದೇಶಿಯ ವೃತ್ತಾಂತವು ಬೇರೆ ಇದೆ. ಅವನು ರಷ್ಯಾ ದೇಶದವನು.

ಅಫನಾಸಿ ನಿಕಿತಿನ್ ಎಂಬುದು ಅವನ ಹೆಸರು. ವೋಲ್ಗಾ ನದಿಯ ದಡದ ತ್ವೇರ್ ಎಂಬ ಪಟ್ಟಣದ ವರ್ತಕ. ಕಾಲವು ಸುಮಾರು ೧೪೭೦. ವಾಸ್ಕೊ ಡ ಗಾಮನು ಕಲ್ಲಿಕೋಟೆಗೆ ಬಂದಿಳಿದದ್ದು ೧೪೯೮ರಲ್ಲಿ ಎಂಬುದನ್ನು ಜ್ಞಾಪಿಸಿಕೊಂಡರೆ ಇದರ ಹಿರಿತನವು ತಿಳಿಯುವುದು. ದಾರಿಯಲ್ಲಿ ವೋಲ್ಗಾ ನದಿಯ ಕೆಳಭಾಗದಲ್ಲಿ ತಾರ್ತರರು ಅವನ ಸರಕನ್ನು ದೋಚಿದರು. ಬರಿಗೈಯಿಂದ ಊರಿಗೆ ಹಿಂತಿರುಗಿದರೆ ಸಾಲಗಾರರ ಕಾಟ. ಆದ್ದರಿಂದ ಅವನು ಪಾರಸೀಕ ದೇಶವನ್ನು ದಾಟಿ, ಹೋರ್ಮುಜಿನಲ್ಲಿ ಹಡಗು ಹತ್ತಿ, ಒಂದು ಗಂಡುಕುದುರೆಯೊಡನೆ ಕೊಂಕಣದ ಚೌಲ್ ರೇವಿನಲ್ಲಿ ಇಳಿದನು. ಹಿಂದೂಸ್ಥಾನದಲ್ಲಿ ಒಳ್ಳೆಯ ಕುದುರೆಗೆ ಬಹಳ ಬೆಲೆ ಬರುವುದೆಂದು ಯಾರೋ ಹೇಳಿದ್ದರು. ಚೌಲಿನಲ್ಲಿ ಅವನು ಬೀದಿಗೆ ಬಂದರೆ ಬಿಳಿಯ ಮನುಷ್ಯನನ್ನು ನೋಡಲು ಜನರ ಗುಂಪು ಹಿಂದೆ ಬರುತ್ತಿತ್ತಂತೆ. ನೋಡಲು ಬಂದವನೇ ನೋಡುವ ವಸ್ತುವಾದನು! ಪರದೇಶಕ್ಕೆ ಹೋಗತಕ್ಕವರು ಮೊದಲು ಈ ಒಂದು ಸಂಗತಿಗೆ ಒಗ್ಗಿಕೊಳ್ಳಬೇಕು.

ಜುನ್ನರಿನಲ್ಲಿ ಅಲ್ಲಿಯ ಅಧಿಕಾರಿಯು ಕುದುರೆಯನ್ನು ಕಿತ್ತುಕೊಂಡು, ಮತಾಂತರ ಹೊಂದಿದರೆ ಮಾತ್ರ ಕೊಡುವೆನೆಂದು ಹಟಹಿಡಿದನು. ಖುರಾಸಾನಿನ ಮಹಮ್ಮದನೆಂಬ ಸಜ್ಜನನೊಬ್ಬನು ಅಡ್ಡಬಂದು ಪರದೇಶಿಯನ್ನೂ ಕುದುರೆಯನ್ನೂ ಬಿಡಿಸಿದನು. ಅಲ್ಲಿಂದ ನಿಕಿತಿನನು ಬಹಮನೀ ರಾಜಧಾನಿಯಾದ ಬೀದರಕ್ಕೆ ಬಂದನು. ಮಹಮೂದ್ ಗಾವಾನನು ಮಂತ್ರಿಯಾಗಿದ್ದ ಕಾಲವದು. ಅವನ ಪ್ರಸಿದ್ಧ ಮದರಸವು ಮುಗಿದದ್ದು ೧೪೭೨ರಲ್ಲಿ. ಸುಲ್ತಾನನ ಸವಾರಿ, ಆನೆಗಳು, ಬೆಳ್ಳಿಯ ಪಲ್ಲಕ್ಕಿಗಳ ಮೇಲೆ ಹೋಗುವ ಅಮೀರರು, ಎಲ್ಲವನ್ನೂ ಅವನು ಬರೆದಿದ್ದಾನೆ. ಬರೆದು, ಅದರ ಜತೆಯಲ್ಲಿಯೇ ಹಳ್ಳಿಯ ಜನರ ಕಡುಬಡತನವನ್ನೂ ಹೇಳಿದ್ದಾನೆ. ರಾಜಧಾನಿಯ ವೈಭವವನ್ನು ಬರೆದವರು ಆ ಕಾಲದಲ್ಲಿ ಹಲವರು. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದವರು ವಿರಳ.

ಈಗ ನಮ್ಮ ವಿಷಯಕ್ಕೆ ಮುಖ್ಯವಾದ ಭಾಗವು ಬಂದಿತು. ಈ ದೇಶದಲ್ಲಿ ನಿಕಿತಿನನು ತನ್ನನ್ನು ಖುರಾಸಾನಿನ ಖ್ವಾಜಾ ಯೂಸುಫನೆಂದು ಕರೆದುಕೊಳ್ಳುತ್ತಿದ್ದನು. ಪರದೇಶದಲ್ಲಿ ಅದು ಅವನಿಗೆ ಒಂದು ರಕ್ಷೆ. ಆದರೆ ಆ ಹೆಸರು ಇರುವವರೆಗೆ ಹಿಂದೂ ಮನೆಗಳ ಅಡಿಗೆಯ ಭಾಗವು ಅವನಿಗೆ ಕಾಣುವಂತಿರಲಿಲ್ಲ. ಆ ಕಾಲದ ಮಡಿಯ ಕಟ್ಟಳೆಯಂತೆ ಅನ್ಯರ ಕಣ್ಣು ಗಡಿಗೆಯ ಮೇಲೆ ಬೀಳಕೂಡದು. ಬಿದ್ದರೆ ಊಟವನ್ನೇ ಬಿಟ್ಟೇಳುವುದು. ಕೆಲವರು ಬಟ್ಟೆಯನ್ನು ಮುಸುಕುಹಾಕಿಕೊಂಡು ಉಣ್ಣುತ್ತಿದ್ದರೆಂದೂ, ಪ್ರಯಾಣದಲ್ಲಿ ಒಬ್ಬೊಬ್ಬನೂ ತನ್ನ ಅಡಿಗೆಗೆ ತನ್ನದೇ ಗಡಿಗೆಯನ್ನು ಹೊತ್ತೊಯ್ಯುತ್ತಿದ್ದನೆಂದೂ ಅವನು ಬರೆಯುತ್ತಾನೆ. ಬೀದರದಲ್ಲಿ ಕುದುರೆಯನ್ನು ಮಾರಿದ ಮೇಲೆ ಅವನು ಕೆಲವು ತಿಂಗಳು ಅಲ್ಲಿಯೇ ಉಳಿದನು. ಹಲವು ಹಿಂದೂಗಳ ಪರಿಚಯವನ್ನು ಮಾಡಿಕೊಂಡು, ತಾನು ಖುರಾಸಾನಿನವನಲ್ಲ, ಕ್ರೈಸ್ತನು, ತನ್ನ ಹೆಸರು ಅಫನಾಸಿ ಎಂದು ನಿಜವನ್ನು ತಿಳಿಸಿದನು. ಅಂದಿನಿಂದ ಅವರು ಊಟವನ್ನಾಗಲಿ, ವ್ಯಾಪಾರವನ್ನಾಗಲಿ, ಪೂಜೆಯನ್ನಾಗಲಿ, ಮನೆಯ ಹೆಂಗಸರನ್ನಾಗಲಿ ಅವನಿಂದ ಮರೆಮಾಡಲಿಲ್ಲವೆಂದು ಹೇಳುತ್ತಾನೆ. ನಿಜಹೇಳಿದ್ದರಿಂದ ಅವನಿಗೆ ಆಗಬಹುದಾಗಿದ್ದ ಅಪಾಯವು ಸಣ್ಣದಲ್ಲ. ಜುನ್ನರಿನ ಸಂಗತಿಯು ಇನ್ನೂ ಹಳೆಯದಾಗಿರಲಿಲ್ಲ. ಅದನ್ನು ಆ ಮನೆಯವರೂ ಬಲ್ಲರು. ತನ್ನ ಗುಟ್ಟನ್ನು ಮೊದಲು ಒಪ್ಪಿಸಿದವನಿಗೆ ಅವರು ತಮ್ಮ ಗುಟ್ಟನ್ನು ಒಪ್ಪಿಸಿದರು. ಬಾಗಿಲು ತೆರೆದದ್ದು ಹೀಗೆ ಎಂದು ನಮ್ಮ ಅಭಿಪ್ರಾಯ.

ತೆರೆದ ಬಾಗಿಲಿನಿಂದ ಅವನಿಗೆ ಕಂಡದ್ದೇನು? ಊಟಕ್ಕೆ ಮುಂಚೆ ಕೈಕಾಲು ತೊಳೆದು ಬಾಯಿ ಮುಕ್ಕಳಿಸುವುದು, ಬಲಗೈಯಿಂದಲೇ ಉಣ್ಣುವುದು, ಅಕ್ಕಿ, ಕಿಚಡಿ, ಸೊಪ್ಪು, ಹಾಲು, ಬೆಣ್ಣೆ, ದಿನಕ್ಕೆ ಎರಡು ಊಟ. ಎತ್ತನ್ನು ತಂದೆಯೆಂದೂ ಹಸುವನ್ನು ತಾಯಿಯೆಂದೂ ಕರೆಯುವರು. ಸಗಣಿಯ ಬೆಂಕಿಯಲ್ಲಿ ಅಡಿಗೆ ಮಾಡಿ ಅದರ ಬೂದಿಯನ್ನು ಹಣೆಗೂ ಮೈಗೂ ಬಳಿದುಕೊಳ್ಳುವರು. ಕುಳ್ಳು, ವಿಭೂತಿ ಎಂಬ ಮಾತುಗಳು ಅವನಿಗೆ ಗೊತ್ತಿಲ್ಲ. ಕಂಡದ್ದು ಮಾತ್ರ ಸರಿಯಾಗಿದೆ. ಶಿವರಾತ್ರಿಗೆ ಅದೇ ಜನರ ಜತೆಯಲ್ಲಿ ಪರ್ವತಕ್ಕೆ, ಎಂದರೆ ಶ್ರೀಶೈಲಕ್ಕೆ, ಹೋಗಿ, ದೇವರ ಎದುರಿಗೆ ಕರಿಯ ಕಲ್ಲಿನ ದೊಡ್ಡ ಎತ್ತು ಇರುವುದನ್ನೂ ಜನರು ಅದರ ಗೊರಸಿಗೆ ಮುತ್ತಿಟ್ಟು ಹೂವೆರಚುವುದನ್ನೂ ನೋಡಿಬಂದನು. ಹಿಂದೂಸ್ಥಾನದಲ್ಲಿ ಎಂಬತ್ತನಾಲ್ಕು ಮತಗಳೆಂದು ಲೆಕ್ಕ ಹೇಳಿದ್ದಾನೆ. ಎಣಿಕೆಗೆ ಸಿಗದ್ದನ್ನು ಎಂಬತ್ತನಾಲ್ಕು ಎನ್ನುವುದು ನಮ್ಮವರ ರೂಢಿ. ಎಂಬತ್ತನಾಲ್ಕು ಲಕ್ಷ ಯೋನಿಗಳ ಮಾತನ್ನು ಕೇಳದವರುಂಟೆ? ಯಾರೋ ಮುದುಕರು ಹೇಳಿದ್ದನ್ನು ಅವನು ಖಾತೆಪುಸ್ತಕದ ಅಂಕಿಯಂತೆ ಬರೆದುಕೊಂಡನೆಂದು ತೋರುತ್ತದೆ. ವರ್ತಕನಲ್ಲವೆ!

ಇವೆಲ್ಲಕ್ಕಿಂತಲೂ ನಮಗೆ ಪ್ರಿಯವಾದದ್ದು ಅವನು ಆಳಂದದ ವಿಷಯವಾಗಿ ಬರೆದಿರುವ ಒಂದು ಸಣ್ಣ ಮಾತು. ಆಳಂದವು ಬಸವಕಲ್ಯಾಣಕ್ಕೆ ನೆರೆಯ ತಾಲ್ಲೂಕು. ಬೀದರಕ್ಕೂ ಆಳಂದಕ್ಕೂ ನಡುವೆ ಹರಡಿರುವುದೇ ನಾವು ಹೇಳುತ್ತಿರುವ ಸೀಮೆ. ಅಲ್ಲಿ ‘ಗುಕುಕ್’ ಎಂಬ ಹಕ್ಕಿಯಿದೆಯಂತೆ. ರಾತ್ರಿಯಲ್ಲಿ ಕುಕ್ ಕುಕ್ ಎಂದು ಕೂಗುತ್ತ ಹಾರುವುದು. ಅದು ಯಾವ ಮನೆಯ ಮೇಲೆ ಕುಳಿತರೆ ಆ ಮನೆಯಲ್ಲಿ ಸಾವು. ಕೊಲ್ಲಹೋದವನ ಮೇಲೆ ಬಾಯಿಂದ ಬೆಂಕಿಯುಗುಳುವುದು. ಗೂಬೆ ಮನೆಯ ಮೇಲೆ ಕುಳಿತರೆ ಮನೆಬಿಡುವವರನ್ನು ನಮ್ಮಲ್ಲಿ ಯಾರು ಕಂಡಿಲ್ಲ? ಈ ಮಾತು ಆಸ್ಥಾನದಲ್ಲಿ ಹುಟ್ಟತಕ್ಕದ್ದಲ್ಲ, ಸಂತೆಯಲ್ಲಿ ಕುದುರೆಯ ಬೆಲೆಯನ್ನು ಚರ್ಚಿಸುವಾಗ ಬರತಕ್ಕದ್ದೂ ಅಲ್ಲ. ಕತ್ತಲಾದ ಮೇಲೆ, ಹೊರಗೆ ಹಕ್ಕಿಯೊಂದು ಕೂಗಿದಾಗ, ಒಳಗೆ ಕುಳಿತವರು ದನಿಯನ್ನು ತಗ್ಗಿಸಿ ಹೇಳುವ ಮಾತು. ಅದನ್ನು ಕೇಳಿದವನು ಆ ಹೊತ್ತಿನಲ್ಲಿ ಯಾವುದೋ ಚಾವಣಿಯ ಕೆಳಗೆ ಅವರ ನಡುವೆ ಇದ್ದಿರಬೇಕು. ಸಾವಿರ ಮೈಲಿಗಳಾಚೆಯ ಮನುಷ್ಯನೊಬ್ಬನಿಗೆ ಒಂದು ಮನೆಯವರು ತಮ್ಮ ಭಯವನ್ನು ಹೇಳಿಕೊಂಡರೆಂದರೆ ಅದಕ್ಕಿಂತ ಹೆಚ್ಚಿನ ಆತಿಥ್ಯವಾವುದು?

ಇದಕ್ಕೆ ಎದುರಾಗಿ ಫ್ರಾನ್ಸಿಸ್ ಬುಕಾನನ್ನನ ಪ್ರಯಾಣವನ್ನು ಇಡಬಹುದು. ಶ್ರೀರಂಗಪಟ್ಟಣವು ೧೭೯೯ರಲ್ಲಿ ಬಿದ್ದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿಯು ಅವನನ್ನು ಮೈಸೂರು, ಕನ್ನಡ, ಮಲೆಯಾಳ ಸೀಮೆಗಳ ಸ್ಥಿತಿಯನ್ನು ತಿಳಿದುಬರಲು ಕಳುಹಿಸಿದನು. ೧೮೦೦ ಮತ್ತು ೧೮೦೧ರಲ್ಲಿ ಅವನು ಹಳ್ಳಿಹಳ್ಳಿ ಸುತ್ತಿ ಬರೆದದ್ದು ೧೮೦೭ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಬೆಳೆ, ನೇಗಿಲು, ಮಗ್ಗ, ಕೂಲಿ, ಗಾಣ, ಒಂದನ್ನೂ ಬಿಟ್ಟಿಲ್ಲ. ನಮ್ಮ ನಾಡಿನ ಚರಿತ್ರೆಯನ್ನು ಬರೆಯತಕ್ಕವರು ಆ ಸಂಪುಟಗಳಿಗೆ ಋಣಿಗಳು. ಆದರೆ ಸರಕಾರದ ಮನುಷ್ಯನು ಬಂದು ಎಕರೆಗೆ ಎಷ್ಟು ಬೆಳೆಯುವಿರಿ ಎಂದು ಕೇಳಿದರೆ ರೈತನು ಕಂದಾಯವನ್ನಲ್ಲದೆ ಬೇರೇನನ್ನು ನೆನೆದಾನು? ಸರಿಯಾದ ಉತ್ತರ ಸಿಕ್ಕುವುದಿಲ್ಲವೆಂದು ಬುಕಾನನ್ನನು ಬೇಸರಪಡುತ್ತಾನೆ. ನಿಕಿತಿನನ ಬರಹವು ಕೆಲವೇ ಹಾಳೆಗಳಷ್ಟು. ಅದರಲ್ಲಿ ತಪ್ಪುಗಳೂ ಉಂಟು. ಆದರೂ ಗೂಬೆಯ ಮಾತು ಅವನಿಗೆ ದೊರೆಯಿತು.

ಕೇಳುವುದರಲ್ಲಿಯೂ ಒಂದು ಬಗೆಯಿದೆ. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿಯು ೧೬೨೩ರಲ್ಲಿ ವೆಂಕಟಪ್ಪನಾಯಕನ ಇಕ್ಕೇರಿಗೆ ಹೋಗುವಾಗ, ಘಟ್ಟದ ಮೇಲಿನ ಗುಡಿಯೊಂದರ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಲೆಕ್ಕವನ್ನು ಹೇಳಿಕೊಳ್ಳುತ್ತಿದ್ದುದನ್ನು ಕಂಡನು. ಉಪಾಧ್ಯಾಯನಿಲ್ಲದೆ ತಪ್ಪಾದರೆ ತಿದ್ದುವವರು ಯಾರೆಂದು ವಿಚಾರಿಸಿದನು. ನಾಲ್ವರೂ ಏಕಕಾಲದಲ್ಲಿ ಮರೆಯುವುದು ಆಗದ ಮಾತೆಂದು ಹುಡುಗರು ಉತ್ತರಕೊಟ್ಟರು. ರಾಯಭಾರಿಯ ಪರಿವಾರದಲ್ಲಿ ಹೋಗುತ್ತಿದ್ದವನು ಹುಡುಗರ ಹತ್ತಿರ ನಿಂತು ಕೇಳಿದ್ದರಿಂದಲ್ಲವೆ ಈ ಜಾಣತನವು ನಮ್ಮವರೆಗೆ ಬಂದದ್ದು?

ಇನ್ನು ಅತಿಥಿಯಾದವನು ಏನನ್ನು ಕೊಡಬೇಕೆಂಬ ಪ್ರಶ್ನೆಯಿದೆ. ನಮ್ಮ ಓದಿದ ಜನರಿಗೆ ಇದು ಬಹಳ ಸಂಕೋಚವನ್ನುಂಟುಮಾಡುತ್ತದೆ. ಹುಮನಾಬಾದಿನ ಸೀಮೆಯಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಕಥೆ ಉಂಟು. ಕಾಶ್ಮೀರದ ಅರಸುತನವನ್ನು ಬಿಟ್ಟು ಪತ್ನಿ ಮಹಾದೇವಿಯೊಡನೆ ಬಂದ ಮೋಳಿಗೆಯ ಮಾರಯ್ಯನು ಸೌದೆ ಮಾರಿ ದಾಸೋಹ ನಡೆಸುತ್ತಿದ್ದನು. ಬಸವಣ್ಣನವರು ವೇಷ ಮರೆಸಿಕೊಂಡು ಅವನ ಗುಡಿಸಲಿಗೆ ಹೋಗಿ, ಮಹಾದೇವಿಯು ಬಡಿಸಿದ ಅಂಬಲಿಯನ್ನು ಸೇವಿಸಿ, ಬಡತನಕ್ಕೆ ಮರುಗಿ, ಹೊನ್ನನ್ನು ಗುಟ್ಟಾಗಿ ಇಟ್ಟು ಬಂದರಂತೆ. ಮಾರಯ್ಯನು ಅದನ್ನು ಕಂಡು ಹಿಗ್ಗಲಿಲ್ಲ. ನೊಂದು, ಎಲ್ಲವನ್ನೂ ಜಂಗಮರಿಗೆ ಹಂಚಿಬಿಟ್ಟನು. ಬಸವಣ್ಣನವರನ್ನು ಅಷ್ಟು ಭಕ್ತಿಯಿಂದ ಕಾಣುವ ಜನರೇ ಈ ಕಥೆಯನ್ನು ಮರೆಯದೆ ಹೇಳಿಕೊಂಡು ಬಂದಿದ್ದಾರೆಂಬುದು ಗಮನಿಸತಕ್ಕ ಸಂಗತಿ.

ಕಥೆಯು ಹಳೆಯದಾದರೂ ಮನೋಧರ್ಮವು ಹಳೆಯದಾಗಿಲ್ಲ. ಕೆಲವು ವರ್ಷಗಳ ಕೆಳಗೆ ನಾವು ಜರ್ಮನಿಯ ಅಧ್ಯಾಪಕರೊಬ್ಬರನ್ನು ಕರೆದುಕೊಂಡು ಕೊಹಿನೂರದ ಕಡೆಗೆ ಹೋಗಿದ್ದೆವು. ಅಂದು ಎಳ್ಳಮಾವಾಸ್ಯೆ. ಆ ದಿನ ಅಲ್ಲಿಯ ಒಕ್ಕಲು ಮಕ್ಕಳೆಲ್ಲರೂ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಅಲ್ಲಿಯೇ ಉಣ್ಣುವರು. ಹಲವು ತರಕಾರಿ ಕಾಳುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜಿಯ ರೊಟ್ಟಿ, ಗಡಿಗೆಯಲ್ಲಿ ಅಂಬಲಿ. ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆಯುವುದು ಅಂದಿನ ರೂಢಿ, ನಮ್ಮನ್ನೂ ಕರೆದರು. ಮನೆಯ ಅಜ್ಜಿಯು ಪರದೇಶದವರನ್ನು ಸ್ವಲ್ಪ ಹೊತ್ತು ನೋಡಿ, “ತಮ್ಮಾ, ನಿಮ್ಮ ಊರಾಗ ಮಳಿ ಆಗ್ಯಾದೇನು? ನಿಮ್ಮವ್ವ ಅದಾಳೇನು?” ಎಂದು ಕೇಳಿದಳು. ನಮ್ಮ ಮಿತ್ರರು ದೊಡ್ಡದೊಂದು ಪ್ರಶ್ನಾವಳಿಯನ್ನು ಸಿದ್ಧಮಾಡಿಕೊಂಡು ಬಂದಿದ್ದರು. ಅದನ್ನು ಜೇಬಿನಿಂದ ತೆಗೆಯಲೇ ಇಲ್ಲ. ತಮ್ಮ ತಾಯಿಯ ವಿಷಯವಾಗಿ, ಅವಳು ಹಿತ್ತಲಿನಲ್ಲಿ ಬೆಳೆಯುವ ಆಲೂಗೆಡ್ಡೆಯ ವಿಷಯವಾಗಿ, ಅರ್ಧಗಂಟೆಯ ಹೊತ್ತು ಹೇಳಬೇಕಾಯಿತು. ಹೊರಡುವಾಗ ಅವರು ನೋಟುಗಳನ್ನು ತೆಗೆದು ಅಜ್ಜಿಯ ಕೈಗೆ ಕೊಡಹೋದರು. “ಇದೇನು ಖಾನಾವಳಿ ಮಾಡೀಯೇನು?” ಎಂದು ಅಜ್ಜಿಯು ನಕ್ಕಳು, ಆದರೆ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

ಹಣವೇ ಕೆಟ್ಟದ್ದೆಂದು ಇದರಿಂದ ತಿಳಿಯಕೂಡದು. ಈಗ ಅನೇಕ ದೇಶಗಳಲ್ಲಿ, ನಮ್ಮ ಕೊಡಗು ಮಲೆನಾಡುಗಳಲ್ಲಿಯೂ, ಹಳ್ಳಿಯ ಮನೆಗಳು ಬಾಡಿಗೆಗೆ ಅತಿಥಿಗಳನ್ನು ಇಟ್ಟುಕೊಳ್ಳುತ್ತವೆ. ಅಲ್ಲಿ ಗೊತ್ತುಪಡಿಸಿದ್ದನ್ನು ಚೌಕಾಸಿಯಿಲ್ಲದೆ ಕೊಡುವುದೇ ಮರ್ಯಾದೆ. ಅಂಥ ಮನೆಯಲ್ಲಿ ನೆಂಟರಂತೆ ನಟಿಸಿ ದುಡ್ಡು ಉಳಿಸುವವರು ನೀಚರು. ಕರೆದು ಬಡಿಸಿದ ಮನೆಯ ರೀತಿ ಬೇರೆ. ಅಲ್ಲಿಗೆ ಹೋಗುವಾಗಲೇ ಹಣ್ಣುಹಂಪಲನ್ನೋ ಮಕ್ಕಳಿಗೆ ಪುಸ್ತಕವನ್ನೋ ಒಯ್ದಿರಬೇಕು. ಬಿತ್ತನೆ, ರಾಶಿಗಳ ದಿನಗಳಲ್ಲಿ ಹೋಗಿ ಅವರ ಕೆಲಸವನ್ನು ಕೆಡಿಸಬಾರದು. ಊರಿನ ಪರಿಚಯವುಳ್ಳವರೊಬ್ಬರು ಜತೆಗಿರಬೇಕು. ಕ್ಯಾಮೆರಾವನ್ನು ಕೇಳದೆ ಎತ್ತಬಾರದು. ಮುಖ್ಯವಾಗಿ, ಅತಿಥಿಯ ಭಾರವೆಲ್ಲ ಬೀಳುವುದು ಒಲೆಯ ಮುಂದೆ ಕುಳಿತವಳ ಮೇಲೆ. ಐದು ಜನ ಹೆಚ್ಚಾಗಿ ಬಂದರೆ ಹದಿನೈದು ರೊಟ್ಟಿಯನ್ನು ಹೆಚ್ಚಾಗಿ ಬಡಿಯತಕ್ಕವಳು ಅವಳು. ಕಡೆಯಲ್ಲಿ ಉಣ್ಣುವವಳೂ ಅವಳೇ. ಹೆಂಗಸರನ್ನು ತನ್ನಿಂದ ಮರೆಮಾಡಲಿಲ್ಲವೆಂದು ಬರೆದ ನಿಕಿತಿನನು, ಅವರು ತನ್ನೊಡನೆ ಏನು ಮಾತನಾಡಿದರೆಂಬುದನ್ನು ಬರೆಯಲಿಲ್ಲ. ನಮ್ಮ ವಿದ್ಯಾವಂತರು ಪರದೇಶದ ಹಳ್ಳಿಗೆ ಹೋದಾಗ ಅಂಗಳದಲ್ಲಿ ಗಂಡಸರ ಜತೆ ಮಾತನಾಡಿ ಬಂದರೆ ಅರ್ಧ ಮನೆಯನ್ನು ಮಾತ್ರ ಕಂಡಂತೆ.

ಮನೆಯ ಗುಟ್ಟನ್ನು ಕಾಪಾಡುವುದೂ ಅತಿಥಿಯ ಋಣದಲ್ಲಿ ಸೇರಿದ್ದು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿಯು ೧೯೫೪ರಲ್ಲಿ ಪರದೇಶದಿಂದ ಬಂದು ಮಂಡ್ಯದ ಸೀಮೆಯ ಎರಡು ಹಳ್ಳಿಗಳನ್ನು ಅಲ್ಲಿಯೇ ಇದ್ದು ಅಭ್ಯಾಸಮಾಡಿದರು. ನಾಲೆಯ ನೀರು ಬಂದದ್ದರಿಂದ ಒಂದು ಹಳ್ಳಿಯಲ್ಲಿ, ಬಾರದೆ ಉಳಿದದ್ದರಿಂದ ಇನ್ನೊಂದರಲ್ಲಿ, ಏನೇನು ಬದಲಾಯಿತೆಂಬುದು ಅವರ ವಿಷಯ. ೧೯೬೨ರ ಪುಸ್ತಕದಲ್ಲಿ ಅವುಗಳನ್ನು ವಂಗಲ, ದಲೇನ ಎಂಬ ಕಲ್ಪಿತ ನಾಮಗಳಿಂದ ಕರೆದರು. ಸಾಲ, ಜಗಳ, ಪಾಲುಪಟ್ಟಿಗಳನ್ನು ನಂಬಿ ಹೇಳಿದವರ ಮಾನವನ್ನು ಹೀಗೆ ಉಳಿಸಿದರು. ೧೯೭೦ರಲ್ಲಿ ಅವರು ಅದೇ ಹಳ್ಳಿಗಳಿಗೆ ಮತ್ತೆ ಬಂದರು. ಹೀಗೆ ತಿರುಗಿ ಬರುವ ಪ್ರವಾಸಿಗಳು ಎಷ್ಟು ಮಂದಿ?

ನಿಕಿತಿನನಿಗೆ ತಿರುಗಿ ಬರುವ ಭಾಗ್ಯವಿರಲಿಲ್ಲ. ದಾಭೋಲಿನ ರೇವಿನಿಂದ ಹೊರಟು, ಪಾರಸೀಕ ದೇಶವನ್ನೂ ಕಪ್ಪು ಸಮುದ್ರವನ್ನೂ ದಾಟಿ, ತನ್ನ ಊರಿಗೆ ಇನ್ನೂ ದೂರವಿರುವಾಗಲೇ, ಸ್ಮೊಲೆನ್ಸ್ಕನ್ನು ಮುಟ್ಟುವುದಕ್ಕೆ ಮುಂಚೆ, ತೀರಿಕೊಂಡನು. ಅವನ ಕೈಬರಹದ ಹಾಳೆಗಳನ್ನು ವರ್ತಕರು ಮಾಸ್ಕೋ ನಗರಕ್ಕೆ ಒಯ್ದು ಮುಟ್ಟಿಸಿದರು. ಅವು ಒಂದು ಮಠದ ಗ್ರಂಥಗಳ ನಡುವೆ ಬಹುಕಾಲವಿದ್ದು, ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕರಮ್ಜಿನ್ ಎಂಬ ಚರಿತ್ರಕಾರನ ಕಣ್ಣಿಗೆ ಬಿದ್ದವು. ೧೮೫೭ರಲ್ಲಿ ಇಂಗ್ಲಿಷಿಗೆ ಬಂದವು. ಬೀದರದಲ್ಲಿ ಅವನಿಗೆ ಮನೆಯನ್ನು ತೋರಿಸಿದವರ ಹೆಸರುಗಳು ಆ ಹಾಳೆಗಳಲ್ಲಿ ಒಂದೂ ಇಲ್ಲ.